ಬಾರಾ ತ್ರಿಕ ಅರವತ್ಮೂರು

ನನ್ನ ಹೆಂಡತಿ ಉಜ್ವಲಾಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ. ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ, ‘ಹೌದು, ಐತಿ, ಏನೀಗ?’ ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿದ್ದಾಳೆ. ನೆರೆಮನೆಯವರ ಹಿತ್ತಲಲ್ಲಿ ಮೆಂತ್ಯೆ ಪಲ್ಲೆ ನಮ್ಮದಕ್ಕಿಂತ ದಟ್ಟವಾಗಿ ಬಂದರೂ ಅವಳಿಗೆ ಸಂಕಟ. ಯಾರದೋ ಮನೆಯ ಕಡಲೆಹಿಟ್ಟಿನ ಝುಣಕವನ್ನು ನಾನು ಹೊಗಳಿದರೆ ಮರುದಿನ ನಮ್ಮ ಮನೆಯಲ್ಲಿ ಎರಡು ಹೊತ್ತೂ ಝುಣಕ, ಅದೂ ಅವರದಕ್ಕಿಂತ ಖಾರ. ಈ ಗುಣದಿಂದ ನನಗೆ ಲಾಭವೂ ಆಗಿದೆ, ಸುಳ್ಳು ಹೇಳಬಾರದು.

ಅವಳು ಅಥಣಿ ಕಡೆಯ ದ್ರಾಕ್ಷಿ ತೋಟದವರ ಮಗಳು. ಬಿ.ಎಡ್. ಮುಗಿಸಿಕೊಂಡೇ ನಮ್ಮೂರು ಭೋಜಕ್ಕೆ, ಕಬ್ಬು ಬೆಳೆಯುವ ನನ್ನ ಮನೆಗೆ ಸೊಸೆಯಾಗಿ ಬಂದಳು. ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಕೈವಾರ ಮುಟ್ಟದೆ ಹಲಗೆಯ ಮೇಲೆ ವೃತ್ತ ಬರೆಯುತ್ತಾಳೆ, ಕೈ ಒಂದು ಸುತ್ತು ಬಂದಿತೆಂದರೆ ಗೆರೆ ಗೆರೆಗೆ ಬಂದು ಸರಿಯಾಗಿ ಕೂಡಿರುತ್ತದೆ. ಅವಳ ದನಿ ಶಾಲೆಯ ಗೋಡೆ ದಾಟಿ ರಸ್ತೆಗೆ ಕೇಳಿಸುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವರಿಗೂ ಪೈಥಾಗೊರಸ್ ಹೆಸರು ಗೊತ್ತಾಗಿದೆ. ಈ ಸೀಮೆಯಲ್ಲಿ ಗಣಿತ ಎಂದರೆ ಉಜ್ವಲಾ ಟೀಚರ್ ಎಂಬ ಮಾತಿತ್ತು. ಆ ಮಾತು ಅವಳ ಕಿವಿಗೆ ದಿನಕ್ಕೊಮ್ಮೆಯಾದರೂ ಬೀಳಬೇಕು. ಬೀಳದಿದ್ದರೆ ಅವತ್ತು ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ನಮ್ಮ ಸಪನಾಗೆ ಗಣಿತ ಬರುತ್ತಿರಲಿಲ್ಲ. ಎಂಟನೆಯ ಇಯತ್ತೆಗೆ ಬಂದರೂ ಗುಣಾಕಾರದಲ್ಲಿ ಅಂಕಿಗಳು ತಿರುವು ಮುರುವು. ಉಳಿದ ವಿಷಯಗಳಲ್ಲಿ ಹುಡುಗಿ ಚುರುಕು, ಗಣಿತದ ಪುಸ್ತಕ ತೆಗೆದರೆ ಮಾತ್ರ ಮುಖ ಬಾಡುತ್ತಿತ್ತು. ಸಂಜೆ ಉಜ್ವಲಾ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡುವಳು. ‘ನೋಡ, ಹಿಂಗ. ತಿಳೀತ?’ ಹುಡುಗಿ ತಲೆಯಾಡಿಸುವಳು. ಬರೆಯಲು ಕೊಟ್ಟರೆ ತಪ್ಪು. ‘ಎಷ್ಟ ಸಲ ಹೇಳಬೇಕ ನಿನಗ? ಕಣ್ಣ ಎಲ್ಲಿಟ್ಟೀ?’ ಅಲ್ಲಿಗೆ ಕಣ್ಣೀರು, ಅಲ್ಲಿಗೆ ಪಾಠ ಮುಗಿಯಿತು.

ನನ್ನ ಅವ್ವ ದುಂಡವ್ವ ಗಡಿಯಾಚೆಯ ಕಾಗಲದ ಕಡೆಯವಳು. ಮರಾಠಿ ಅರ್ಧ, ಕನ್ನಡ ಅರ್ಧ. ಮೊಮ್ಮಗಳನ್ನು ತೊಡೆಯ ಮೇಲೆ ಆಡಿಸಿ ಬೆಳೆಸಿದವಳು ಅವಳೇ, ಸಪನಾ ಅವಳನ್ನು ಆಯಿ ಎನ್ನುತ್ತಾಳೆ. ‘ಹಿತ್ತಲ ಗಿಡ ಮದ್ದಲ್ಲ ಬಿಡವಾ. ಬ್ಯಾರೆ ಕಡೆ ಟ್ಯೂಶನ್ನಿಗೆ ಹಾಕು’ ಎಂದಳು ಒಂದು ದಿನ.

‘ಬ್ಯಾರೆ ಕಡೆ?’ ಉಜ್ವಲಾ ಲಟ್ಟಣಿಗೆ ನಿಲ್ಲಿಸಿದಳು. ‘ಉಜ್ವಲಾ ಟೀಚರ್ ಮಗಳು ಇನ್ನೊಬ್ಬರ ಹಂತ್ಯಾಕ ಗಣಿತ ಕಲಿಯಾಕ ಹೋಗಬೇಕೇನ್ರಿ ಅತ್ತಿ? ಊರಾಗ ಹೆಂಗ ತಲಿ ಎತ್ತಿ ತಿರಗ್ಯಾಡ್ಲಿ?’

ಹಟ ಇಷ್ಟೇ. ಸಪನಾ ಗಣಿತ ಕಲಿಯಬೇಕು, ಮತ್ತು ಅದನ್ನು ತನ್ನಿಂದಲೇ ಕಲಿಯಬೇಕು. ಮೊದಲನೆಯದು ನಮಗೆಲ್ಲರಿಗೂ ಬೇಕಿತ್ತು, ಎರಡನೆಯದು ಅವಳೊಬ್ಬಳಿಗೆ.

ಎರಡು ಸಾವಿರದ ಹದಿನೇಳರ ಮಳೆಗಾಲದಲ್ಲಿ ನೀಲಮ ಬಂದಳು. ಗಣಿತಕ್ಕೆಂದೇ ಬಂದ ಅತಿಥಿ ಶಿಕ್ಷಕಿ, ನಿಪ್ಪಾಣಿಯ ಹುಡುಗಿ, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಸಣ್ಣ ದನಿ. ಹಲಗೆಯ ಮೇಲೆ ಬರೆದರೆ ಸಾಲು ಕೆಳಗೆ ಇಳಿಯುತ್ತಿತ್ತು. ‘ವೃತ್ತ ಬರೀ ಅಂದ್ರ ಬಟಾಟಿ ಬರೀತಾಳ’ ಎಂದು ಅವಳು ಬಂದ ವಾರದಲ್ಲೇ ಉಜ್ವಲಾ ತೀರ್ಪು ಕೊಟ್ಟಿದ್ದಳು. ನೆಮ್ಮದಿಯಿಂದ ಇದ್ದಳು ಪಾಪ.

ಅಷ್ಟರಲ್ಲಿ ಹೊಳೆ ತುಂಬಿ ಸೇತುವೆ ಮೇಲೆ ನೀರು ಬಂತು. ಪ್ರತಿ ವರ್ಷದ ಹಾಗೆ ಆಚೆ ದಂಡೆಯ ಮಕ್ಕಳು ಶಾಲೆಗೆ ಬರದಾದರು. ಆ ವರ್ಷ ಮಾತ್ರ ಒಂದು ಫರಕಿತ್ತು. ಇಂಟರ್ನೆಟ್ ಸೋವಿಯಾಗಿ ಮನೆಗೊಂದು ಸ್ಮಾರ್ಟ್ ಫೋನು ಬಂದಿತ್ತು. ಸಂಸ್ಥೆಯ ಚೇರ್ಮನ್ ಬಾಪುಸಾಹೇಬರು ಮಾಸ್ತರರನ್ನೆಲ್ಲ ಕೂಡಿಸಿ, ಮಕ್ಕಳು ಮನೆಯಲ್ಲೇ ಕಲಿಯುವಂತೆ ಏನಾದರೂ ಮಾಡಲಿಕ್ಕೆ ಬರುತ್ತದೆಯೇ ಎಂದು ಕೇಳಿದರು. ಹಿಂದಿನ ಬೆಂಚಿನಿಂದ ನೀಲಮ ಎದ್ದು, ತಾನೊಂದು ಮಾಡಿದ್ದೇನೆ ಎಂದು ಫೋನ್ ತೋರಿಸಿದಳು.

ಸ್ಲೈಡುಗಳು. ಒಂದು ಸ್ಲೈಡಿಗೆ ಒಂದೇ ಪ್ರಶ್ನೆ, ಕೆಳಗೆ ನಾಲ್ಕು ಉತ್ತರ. ಒಂದನ್ನು ಒತ್ತಿದರೆ ಅದಕ್ಕೆ ತಕ್ಕ ಇನ್ನೊಂದು ಸ್ಲೈಡು ತೆರೆಯುತ್ತದೆ. ಸರಿಯಾದರೆ ಮುಂದಕ್ಕೆ. ತಪ್ಪಾದರೆ, ಎಲ್ಲಿ ತಪ್ಪಿತು ಎಂದು ಅವಳ ದನಿಯಲ್ಲೇ ಮಾತು. ಮೂಲೆಯಲ್ಲಿ ಎರಡು ಗುಂಡಿ, ‘ತಿಳೀತು’, ‘ಇನ್ನೊಮ್ಮೆ ಹೇಳ್ರಿ’. ಎರಡನೆಯದನ್ನು ಎಷ್ಟು ಸಲ ಒತ್ತಿದರೂ ಅಷ್ಟು ಸಲ ಹೇಳುತ್ತದೆ. ಯಾರೂ ಯಾರನ್ನೂ ದಬ್ಬುವುದಿಲ್ಲ. ಚುರುಕಿನವನು ಊಟದೊಳಗೆ ಮುಗಿಸಬಹುದು, ನಿಧಾನದವನು ಎರಡು ದಿನ ಕೂಡಬಹುದು.

‘ಇದು ಬರೋಬ್ಬರಿ ನೋಡ್ರಿ’ ಎಂದರು ಬಾಪುಸಾಹೇಬರು. ‘ಹುಡುಗ್ರು ತಮಗ ತಿಳದಂಗ ತಿಳದಂಗ ಮುಂದ ಹೋಗ್ತಾವ. ಬೀಜಗಣಿತ ಈಕಿ ಮಾಡ್ಲಿ. ಉಜ್ವಲಾ ಮೇಡಮ್, ರೇಖಾಗಣಿತ ನಿಮಗ.’

ಆ ಸಂಜೆ ಮನೆಗೆ ಬಂದವಳ ಮುಖ ನೋಡಿ ನಾನು ಚಹಾ ನಾನೇ ಮಾಡಿಕೊಂಡೆ. ‘ಮದವಿ ಅಲ್ಬಮ್ ಮಾಡಿದಂಗ ಮಾಡ್ಯಾಳ’ ಎಂದಳು ಉಜ್ವಲಾ. ‘ಗಣಿತ ಅಂದ್ರ ಬೆರಳಿಲೆ ಒತ್ತೂದೇನ್ರಿ? ಮತ್ತ ಬಾಪುಸಾಹೇಬ್ರು ಎಲ್ಲಾರ ಮುಂದ ಆಕೀಗೆ ಬರೋಬ್ಬರಿ ಅಂದ್ರು. ನನಗ ಇಷ್ಟು ವರ್ಷದಾಗ ಒಮ್ಮೆರೆ ಅಂದಾರೇನು?’

‘ಹೊಟ್ಯಾಗ ಬೆಂಕಿ ಬಿದ್ದೈತೇನ?’ ಎಂದೆ.

‘ಬಿದ್ದೈತಿ. ನೀವ ಎಣ್ಣಿ ಹಾಕಬ್ಯಾಡ್ರಿ.’

ಬೆಂಕಿ ಬಿದ್ದ ಮೇಲೆ ಅವಳು ಸುಮ್ಮನೆ ಕೂರುವವಳಲ್ಲ. ಶಾಲೆಯ ಕಂಪ್ಯೂಟರಿನ ಮುಂದೆ ಕೂತು ತ್ರಿಭುಜದ ಪಾಠ ಮಾಡಿದಳು. ಹಲಗೆಯ ಮೇಲೆ ಏನೇನು ಬರೆಯುತ್ತಿದ್ದಳೋ ಅದಷ್ಟನ್ನೂ ಒಂದೇ ಸ್ಲೈಡಿಗೆ ತುಂಬಿದಳು. ವ್ಯಾಖ್ಯೆ, ಪ್ರಮೇಯ, ಸಾಧನೆ, ಉದಾಹರಣೆ, ಎಲ್ಲ ಸೇರಿ ಇರುವೆ ಸಾಲು. ಮಕ್ಕಳು ಓದದೆ ಓಡಬಾರದೆಂದು ‘ಮುಂದೆ’ ಎಂಬ ಗುಂಡಿ ಬಹಳ ಹೊತ್ತಿನ ಮೇಲೆ ಕಾಣಿಸಿಕೊಳ್ಳುವಂತೆ ಮಾಡಿದಳು. ತಪ್ಪು ಒತ್ತಿದರೆ ಇಡೀ ಪರದೆ ಕೆಂಪಾಗಿ, ‘ತಪ್ಪು! ಗಮನವಿಟ್ಟು ಓದು!’ ಎಂದು ಬರೆದು ಬಂದು, ಗಿರಣಿ ಸೈರನ್ನಿನ ಹಾಗೆ ಸದ್ದು. ಸಪನಾಗೆ ತೋರಿಸಿದಾಗ ಹುಡುಗಿ ಬೆಚ್ಚಿ ನನ್ನ ಹೊಸ ಫೋನನ್ನು ಕೈಯಿಂದ ಬೀಳಿಸಿದಳು. ಒಳಗಿನಿಂದ ನನ್ನ ಅವ್ವ ಮಿಕ್ಸರ್ ಸುಟ್ಟಿತೇನೋ ಎಂದು ಓಡಿ ಬಂದಳು.

ನದಿಯಾಚೆಯ ಮಕ್ಕಳಿಗೆ ಎರಡೂ ಪಾಠ ಹೋದವು, ಈಚೆಯವರ ಫೋನಿಗೂ ಬಂದವು. ನೀಲಮಳ ಪಾಠ ಮುಗಿಸಿ ಇನ್ನೊಂದು ಯಾವಾಗ ಕಳಿಸ್ತೀರಿ ಎಂದು ಕೇಳಿದರು. ಉಜ್ವಲಾಳ ಪಾಠದ ಬಗ್ಗೆ ವಿಚಾರಿಸಿದರೆ ‘ಮೊಬೈಲ್ ಹ್ಯಾಂಗ್ ಆತ್ರಿ ಟೀಚರ್’ ಎಂದರು. ಒಬ್ಬಿಬ್ಬರಲ್ಲ, ಎಲ್ಲರ ಮೊಬೈಲೂ ಅದೊಂದೇ ಪಾಠಕ್ಕೆ ಹ್ಯಾಂಗ್. ಉಜ್ವಲಾ ಇಂಟರ್ನೆಟ್ಟನ್ನು ಬೈದಳು, ಟವರನ್ನು ಬೈದಳು, ಶಾಲೆಯ ಹಳೆ ಕಂಪ್ಯೂಟರನ್ನು ಬೈದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನಲು ಬಾಯಿ ತೆರೆದವನು ಅವಳ ಕೈಯಲ್ಲಿ ಸೌಟು ನೋಡಿ ಮುಚ್ಚಿಕೊಂಡೆ.

ಇದೆಲ್ಲ ಅವಳು ತಡೆದುಕೊಂಡಳು. ತಡೆಯಲಾಗದ್ದು ಆದದ್ದು ಒಂದು ರವಿವಾರ ಮಧ್ಯಾಹ್ನ.

ಉಜ್ವಲಾ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ಸಪನಾ ಗೋಡೆಗೆ ಒರಗಿ ಫೋನ್ ಹಿಡಿದು ಕೂತಿದ್ದಳು. ಒಮ್ಮೆಗೇ ಹುಡುಗಿ ನಕ್ಕಳು. ಸಿನಿಮಾ ನೋಡುತ್ತಿರಬೇಕೆಂದು ಉಜ್ವಲಾ ಬಾಗಿಲಿಗೆ ಬಂದು ಇಣುಕಿದರೆ, ಮಗಳ ತೊಡೆಯ ಮೇಲೆ ಗಣಿತದ ವಹಿ. ಲೆಕ್ಕ ಮಾಡುತ್ತ ನಗುತ್ತಿದ್ದಾಳೆ! ನೀಲಮಳ ಸಣ್ಣ ದನಿ ಫೋನಿನಿಂದ ‘ಅವಸರಿಲ್ಲ, ಇನ್ನೊಮ್ಮಿ ನೋಡೂಣು’ ಎನ್ನುತ್ತಿತ್ತು. ಅದರ ಜತೆ ಜತೆಗೇ ನಮ್ಮ ಹುಡುಗಿ, ‘ಅವಸರಿಲ್ಲ, ಅವಸರಿಲ್ಲ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಉತ್ತರ ಬರೆದಳು. ಸರಿಯಾದ ಉತ್ತರ. ನಾನು ಅಲ್ಲೇ ಹೊರಸಿನ ಮೇಲಿದ್ದೆ. ಉಜ್ವಲಾಳ ಮುಖದಲ್ಲಿ ಖುಷಿ ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು.

ಊಟ ಆದಮೇಲೆ ಫೋನನ್ನು ನನ್ನಿಂದ ಕಸಿದುಕೊಂಡು ನೀಲಮಳ ಪಾಠ ತೆರೆದಳು. ಮೊಸರಲ್ಲಿ ಕಲ್ಲು ಹುಡುಕುವ ಕೆಲಸ ಎಂದು ನನಗೆ ಗೊತ್ತಾಯಿತು. ಕಾಗುಣಿತ ತಪ್ಪಿದ್ದಲ್ಲಿ ‘ಹ್ಞಾಂ!’ ಎನ್ನುವಳು. ಆಮೇಲೆ ಬೇಕೆಂದೇ ತಪ್ಪು ಉತ್ತರಗಳನ್ನು ಒತ್ತತೊಡಗಿದಳು, ಇವಳೇನು ಬೈಯುತ್ತಾಳೆ ನೋಡೋಣ ಎಂದು.

ಪ್ರಶ್ನೆ ಹೀಗಿತ್ತು: ಒಂದು ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ಹನ್ನೆರಡು ಬರುತ್ತದೆ, ಆ ಸಂಖ್ಯೆ ಯಾವುದು? ನಾಲ್ಕು, ಹದಿನೈದು, ಮೂವತ್ತಾರು, ಅರವತ್ಮೂರು. ನಾಲ್ಕನ್ನು ಒತ್ತಿದಳು. ‘ಇನ್ನೊಮ್ಮಿ ಭಾಗಿಸಿದಿ, ಹೌದಲ್ಲ? ನಾವು ಹಿಂದಕ್ಕ ಹೋಗಬೇಕು’ ಎಂದಿತು ದನಿ. ಹದಿನೈದನ್ನು ಒತ್ತಿದಳು. ‘ಕೂಡಿಸಿದಿ’ ಎಂದಿತು. ‘ಅರವತ್ಮೂರಂತ! ಯಾವ ದಡ್ಡ ಇದನ್ನ ಒತ್ತತಾನ?’ ಎನ್ನುತ್ತ ಅದನ್ನೂ ಒತ್ತಿದಳು.

‘ಮನಸಿನ್ಯಾಗ ಮರಾಠಿಲೆ ಮಗ್ಗಿ ಅಂದೀಯೇನು?’ ಎಂದು ಕೇಳಿತು ನೀಲಮಳ ದನಿ. ‘ಬಾರಾ ತ್ರಿಕ ಛತ್ತೀಸ, ಹನ್ನೆರಡು ಮೂರಲೆ ಮೂವತ್ತಾರು. ಬರೋಬ್ಬರಿ ಐತಿ! ಆದ್ರ ಛತ್ತೀಸ ಅನ್ನೂವಾಗ ಆರು ಮೊದಲ ಕೇಳಸ್ತೈತಿ, ಮೂವತ್ತು ಹಿಂದಿಂದ. ಕನ್ನಡದಾಗ ಮೂವತ್ತು ಮೊದಲ, ಆರು ಹಿಂದಿಂದ. ಕಿವಿಗೆ ಕೇಳಿದಂಗ ಬರದ್ರ ಅರವತ್ಮೂರ ಆಗ್ತೈತಿ. ಲೆಕ್ಕ ನಿನಗ ಬರ್ತೈತಿ. ಅಂಕಿ ಅಷ್ಟ ತಿರುಗಿ ಕುಂತಾವ.’

ಉಜ್ವಲಾ ಫೋನನ್ನು ಹಾಸಿಗೆಯ ಮೇಲೆ ಇಟ್ಟಳು. ಸಪನಾಳ ವಹಿ ತೆಗೆದು ಹಾಳೆ ತಿರುವಿದಳು. ತಾನೇ ಕೆಂಪು ಗೆರೆ ಎಳೆದ ಲೆಕ್ಕಗಳು. ಐವತ್ತಾರು ಇರಬೇಕಾದಲ್ಲಿ ಅರವತ್ತೈದು. ಐವತ್ನಾಲ್ಕರ ಜಾಗದಲ್ಲಿ ನಲವತ್ತೈದು.

‘ಅತ್ತೀ, ಸಪನಾಗ ಮಗ್ಗಿ ಕಲಿಸಿದವರ್ಯಾರ್ರಿ?’ ಎಂದು ಕೂಗಿದಳು.

‘ನಾನ ಕಲಿಸೀನಿ. ಬೇ ಏಕ ಬೇ, ಬೇ ದುಣೆ ಚಾರ. ತೊಟ್ಟಿಲದಾಗ ಇದ್ದಾಗಿಂದ’ ಎಂದಳು ನನ್ನ ಅವ್ವ ಹೆಮ್ಮೆಯಿಂದ. ಅಥಣಿಯಲ್ಲಿ ಕನ್ನಡದಲ್ಲೇ ಮಗ್ಗಿ ಕಲಿತ ನನ್ನ ಹೆಂಡತಿಗೆ ಇದು ಹೊಳೆದೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ. ಆದರೆ ನಾನು ಗಣಿತದ ಟೀಚರ್ ಅಲ್ಲ.

ಅವಳು ಸಮಾಧಾನ ಆಗುತ್ತಾಳೆ ಎಂದುಕೊಂಡೆ. ಮಗಳು ದಡ್ಡಿಯಲ್ಲ ಎಂದು ಗೊತ್ತಾಯಿತಲ್ಲ! ಆದರೆ ಹೊಟ್ಟೆಕಿಚ್ಚಿಗೆ ತನ್ನದೇ ಗಣಿತ ಇರುತ್ತದೆ. ‘ನನ್ನ ಮಗಳ ತಪ್ಪು, ಚೂಕು ಹಿಡದು ಸ್ಲೈಡ್ ಮಾಡ್ಯಾಳ ಆಕಿ! ಊರಿಗೆಲ್ಲ ತೋರಿಸ್ಯಾಳ! ಗಾಡಿ ತಗೀರಿ’ ಎಂದಳು.

ಮಳೆ ನಿಂತಿತ್ತು. ನಿಪ್ಪಾಣಿಯ ತನಕ ಅವಳು ಬೈಕಿನ ಹಿಂದೆ ಕೂತು ಏನೇನು ಅನ್ನಬೇಕೆಂದು ನನಗೆ ಒಪ್ಪಿಸುತ್ತ ಬಂದಳು. ನೀಲಮಳ ಮನೆ ಒಂದು ಓಣಿಯ ಕೊನೆಗೆ. ಬಾಗಿಲಲ್ಲಿ ಅವಳ ಅವ್ವ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ‘ಯಾ, ಬಸಾ’ ಎಂದು ಚಾಪೆ ಸರಿಸಿದಳು. ನೀಲಮ ಒಳಗಿನಿಂದ ಬಂದವಳು ಉಜ್ವಲಾಳನ್ನು ನೋಡಿ ಗಾಬರಿಯಾದಳು.

‘ಅರವತ್ಮೂರು ಯಾರ್ದ ಅದು? ನಮ್ಮ ಸಪನಾಂದಲ್ಲ?’ ಎಂದಳು ಉಜ್ವಲಾ, ಚಾಪೆಯ ಮೇಲೆ ಕೂರದೆ.

‘ಮೊದಲಿಗೆ ನಂದ್ರಿ ಮೇಡಮ್’ ಎಂದಳು ನೀಲಮ. ‘ಮನ್ಯಾಗ ಮರಾಠಿ, ಸಾಲ್ಯಾಗ ಕನ್ನಡ. ನಾನೂ ಕಾಲೇಜಿಗೆ ಹೋಗೂ ತನಕಾ ಹಂಗ ಬರೀತಿದ್ದೆ. ಎಂಟನೇದವರ ಟೆಸ್ಟ್ ಪೇಪರ್ ತಿದ್ದೂವಾಗ ಸಪನಾಳ ಪೇಪರಿನ್ಯಾಗೂ ಹಂಗ ಇತ್ತು. ಯಾಕ ಹಿಂಗ ಬರದಿ ಅಂತ ಕೇಳಿದೆ, ಬಾಯಿಲೆ ಮಗ್ಗಿ ಅಂದು ತೋರಿಸಿದ್ಲು. ಆಮ್ಯಾಲೆ ನೋಡಿದ್ರ ಅರ್ಧ ವರ್ಗದ್ದೂ ಅದ ಚೂಕು ಐತ್ರಿ. ಹೆಸರು ಯಾರ್ದೂ ಹಾಕಿಲ್ಲ ನಾ.’

‘ಮನ್ಯಾಗ ನನಗ್ಯಾಕ ಹೇಳಿಲ್ಲಂತ ಆಕಿ?’

ನೀಲಮ ತನ್ನ ಅವ್ವನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಹೇಳಲು ಮನಸ್ಸಿರಲಿಲ್ಲ.

‘ಹೇಳ.’

‘“ನಮ್ಮವ್ವ ಕೇಳಂಗಿಲ್ರಿ” ಅಂದ್ಲು ಮೇಡಮ್.’

ಉಜ್ವಲಾ ಚಾಪೆಯ ಮೇಲೆ ಕೂತಳು. ಚಹಾ ಕುಡಿದೆವು. ಗಾಡಿ ಊರಿನ ಕಡೆ ತಿರುಗಿಸಿದೆ. ತಂಬಾಕಿನ ಗೋದಾಮುಗಳನ್ನು ದಾಟಿದ ಮೇಲೆ ಉಜ್ವಲಾ ಕೇಳಿದಳು, ‘ರೀ, ಕೇಳಂಗಿಲ್ಲ ಅಂದ್ರ ಯಾವ ಕೇಳಂಗಿಲ್ಲ? ಯಾಕಂತ ಕೇಳಂಗಿಲ್ಲ ಅಂತೋ, ಹೇಳಿದ್ದು ಕೇಳಂಗಿಲ್ಲ ಅಂತೋ?’

‘ಎರಡೂ ಇರಬೇಕ’ ಎಂದೆ.

ಅವಳು ನನ್ನ ಹೆಗಲ ಮೇಲಿದ್ದ ಕೈ ತೆಗೆದುಬಿಟ್ಟಳು. ನಾನು ಸಾವಕಾಶ ಗಾಡಿ ಹೊಡೆದೆ. ಸಿಟ್ಟು ನನ್ನ ಮೇಲಲ್ಲ. ನೀಲಮ ಒಂದೇ ಒಂದು ಪ್ರಶ್ನೆ ಕೇಳಿ ಪಡೆದದ್ದನ್ನು ತಾನು ಇಷ್ಟು ವರ್ಷ ಕೂಗಿ ಕೂಗಿ ಪಡೆಯಲಿಲ್ಲವಲ್ಲ ಎಂಬ ಉರಿ. ಚೆಲುವಿನ ಮೇಲೆ, ಸೀರೆಯ ಮೇಲೆ ಆಗುವ ಹೊಟ್ಟೆಕಿಚ್ಚನ್ನು ನಾನು ಅವಳಲ್ಲಿ ನೋಡಿದ್ದೆ, ಅದು ಎರಡು ದಿನದ್ದು. ಸ್ವಂತ ಮಗಳ ಒಳಗಿನ ಮಾತು ಇನ್ನೊಬ್ಬಳಿಗೆ ಸಿಕ್ಕಿತೆಂಬುದು ಹಾಗಲ್ಲ. ಅದಕ್ಕೆ ಎರಡು ಹೊತ್ತು ಝುಣಕ ಮಾಡಿ ತೀರಿಸಿಕೊಳ್ಳಲು ಬರುವುದಿಲ್ಲ.

ಮುಂದಿನ ವಾರ ಪೂರ್ತಿ ಅವಳು ಶಾಲೆ ಬಿಟ್ಟ ಮೇಲೆ ಕಂಪ್ಯೂಟರಿನ ಮುಂದೆ ಕೂತಳು. ಸೈರನ್ ತೆಗೆದಳು. ಇರುವೆ ಸಾಲು ಒಡೆದು ಸ್ಲೈಡಿಗೊಂದು ಮಾತು ಇಟ್ಟಳು. ‘ಮುಂದೆ’ ಗುಂಡಿಯನ್ನು ಮೊದಲೇ ಕಾಣಿಸುವಂತೆ ಮಾಡಿದಳು, ಅದಕ್ಕೆ ಮಾತ್ರ ಬಹಳ ಕಷ್ಟಪಟ್ಟಳು. ತಪ್ಪು ಉತ್ತರಗಳನ್ನು ಬರೆಯುವಾಗ ಪೇಚಿಗೆ ಬಿದ್ದಳು. ‘ಸರಿ ಉತ್ತರ ನನಗ ಗೊತ್ತೈತಿ. ಹುಡುಗ್ರು ಹೆಂಗ ತಪ್ಪತಾರ ಅನ್ನೂದು ಗೊತ್ತಿಲ್ಲಲ್ರಿ’ ಎಂದಳು. ಅಷ್ಟು ವರ್ಷ ಕೆಂಪು ಗೆರೆ ಎಳೆದವಳು!

ರವಿವಾರ ಸಪನಾಳನ್ನು ಕರೆದು ಫೋನ್ ಕೊಟ್ಟಳು. ಹುಡುಗಿ ಮೊದಲು ನನ್ನ ಮುಖ ನೋಡಿ, ಆಮೇಲೆ ಕೂತಳು. ಸ್ಲೈಡಿನಲ್ಲಿ ಒಂದು ತ್ರಿಭುಜ. ಒಂದು ಗೆರೆ ನೆಲಕ್ಕೆ ಮಲಗಿದೆ, ಒಂದು ನೆಟ್ಟಗೆ ನಿಂತಿದೆ, ಮೂರನೆಯದು ಓರೆಯಾಗಿ ಒರಗಿ ಎಲ್ಲಕ್ಕಿಂತ ಉದ್ದವಾಗಿದೆ. ‘ಇದರಲ್ಲಿ ಲಂಬ ಯಾವುದು?’ ಎಂದು ಪ್ರಶ್ನೆ.

ಸಪನಾ ಓರೆ ಗೆರೆಯನ್ನು ಒತ್ತಿದಳು.

ಉಜ್ವಲಾ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದಳು. ಮಗಳು ಬೈಗುಳಕ್ಕೆ ಕಾದು ಭುಜ ಮುದುರಿದಳು.

‘ಅದನ್ನ್ಯಾಕ ಒತ್ತಿದಿ?’ ಎಂದಳು ಉಜ್ವಲಾ. ಮೆಲ್ಲಗೆ ಕೇಳಲು ಹೋಗಿ ದನಿ ಒಡೆಯಿತು.

ಸಪನಾ ತಲೆ ಎತ್ತಿ ಅವ್ವನನ್ನೇ ನೋಡಿದಳು. ‘ನೀಲಮ ಟೀಚರ್ ಕೇಳಿದಂಗ ಕೇಳಾಕತ್ತೀಯಲ್ಲವಾ’ ಎಂದಳು, ಮುಖ ಅರಳಿಸಿ.

ಹುಡುಗಿ ಹೊಗಳಿದ್ದು. ಉಜ್ವಲಾಗೆ ಅದು ಎಲ್ಲಿಗೆ ನಾಟಿತೆಂದು ನನಗೆ ಕಂಡಿತು.

‘ಹೂಂ. ಹೇಳ, ಯಾಕ?’

‘ಲಂಬ ಅಂದ್ರ ಉದ್ದಂದಲ್ಲೇನ? ಆಯಿ ಯಾವಾಗ್ಲೂ ಲಾಂಬ ಐತಿ, ಲಾಂಬ ಐತಿ ಅಂತಾಳಲ್ಲ. ಕಾಗಲ ಲಾಂಬ ಐತಿ, ನಿನ್ನ ಜಡಿ ಲಾಂಬ ಐತಿ ಅಂತ. ಇದರಾಗ ಇದ ಎಲ್ಲಾಕಿಂತ ಲಾಂಬ ಐತಿ.’

ಉಜ್ವಲಾ ಆ ಓರೆ ಗೆರೆಯನ್ನು ಇನ್ನೊಮ್ಮೆ ನೋಡಿದಳು. ಮರಾಠಿಯಲ್ಲಿ ಲಾಂಬ ಎಂದರೆ ಉದ್ದ, ದೂರ. ಲಂಬ ಯಾವುದು ಎಂದರೆ ಓರೆ ಗೆರೆ ತೋರಿಸಿದ ಎಷ್ಟು ಮಕ್ಕಳ ಕಿವಿ ಹಿಂಡಿದ್ದಾಳೋ ಅವಳಿಗೇ ಗೊತ್ತು. ಆಮೇಲೆ ಅವಳ ಕಣ್ಣಲ್ಲಿ ಒಂದು ಹೊಳಪು ಬಂತು. ಅದು ನನಗೆ ಗುರುತಿನ ಹೊಳಪು, ನೆರೆಮನೆಯ ಮೆಂತ್ಯೆಗೆ ಹುಳ ಬಿದ್ದಾಗ ಬರುವಂಥದು.

‘ಇದನ್ನ ನೀಲಮ ಟೀಚರಿಗೆ ಹೇಳೀಯೇನ?’

‘ಇಲ್ಲ.’

‘ಹೇಳಬ್ಯಾಡ. ಮೊದಲ ನಾವು ಸ್ಲೈಡ್ ಮಾಡೂಣು. ಯಾರು ಹೇಳಿಕೊಟ್ರು ಅಂತ ಆಕಿ ಕೇಳಿದ್ರ, ನಮ್ಮವ್ವ ಕಲಿಸ್ಯಾಳ ಅನ್ನು.’

‘ನೀ ಎಲ್ಲಿ ಕಲಿಸಿದಿ?’ ಎಂದಳು ಸಪನಾ. ‘ನಾನಲ್ಲ ನಿನಗ ಹೇಳಿದಾಕಿ?’

ಇಂಥ ಮಾತಿಗೆ ಹೋದ ತಿಂಗಳಾಗಿದ್ದರೆ ತಲೆಗೊಂದು ಬೀಳುತ್ತಿತ್ತು. ಹುಡುಗಿಗೂ ಆಡಿದ ಮೇಲೆ ಅದು ನೆನಪಾಗಿ ಸ್ವಲ್ಪ ಹಿಂದೆ ಸರಿದಳು. ಉಜ್ವಲಾ ತೊಡೆಯ ಕೆಳಗಿನಿಂದ ಕೈ ತೆಗೆದು ಮಗಳ ಕೈಯಿಂದ ಫೋನ್ ತೆಗೆದುಕೊಂಡಳು.

‘ಹೌದವಾ’ ಎಂದಳು. ‘ನೀನ ಹೇಳಿದಿ. ಇನ್ನೊಮ್ಮಿ ಹೇಳ, ನಾ ಬರಕೋತೇನಿ.’